ಮುಳ್ಳು ಅರ್ಧಕ್ಕಿದೆ

ಮನೆಯಿಂದ,
ತಾರೀಖು ಆರು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡಮ್ಮನಿಗೆ,

ಹೇಗಿದ್ದೀಯ ಮಗಳೇ? ಬೆನ್ನುನೋವು ಸ್ವಲ್ಪವಾದರೂ ತಗ್ಗಿತೇ? ಹಾಲು ಕುಡಿಸುವಾಗ ಗೋಡೆಗೆ ಒರಗಿ ಕೂರು, ದಿಂಬು ಇಟ್ಟುಕೋ ಎಂದು ನೂರು ಸಲ ಹೇಳಿ ಬಂದಿದ್ದೇನೆ. ನೀನು ಮಾತ್ರ ಕೂರುವುದು ನಿನಗೆ ಬೇಕಾದ ಹಾಗೆಯೇ, ಅದೂ ನನಗೆ ಗೊತ್ತು. ಮಗುವಿನ ಬಿಕ್ಕಳಿಕೆ ನಿಂತಿತೇ? ನಿಲ್ಲದಿದ್ದರೂ ಹೆದರಬೇಡ, ನೀನೂ ಆ ವಯಸ್ಸಿನಲ್ಲಿ ಬಿಕ್ಕಳಿಸಿ ಬಿಕ್ಕಳಿಸಿಯೇ ಇಷ್ಟು ದೊಡ್ಡವಳಾದದ್ದು. ಅಳಿಯಂದಿರು ರಾತ್ರಿ ಒಂದು ಸರದಿಯಾದರೂ ಮಗುವನ್ನು ಎತ್ತಿಕೊಳ್ಳುತ್ತಿದ್ದಾರೋ, ಅಥವಾ ನಾನು ಅಲ್ಲಿದ್ದಷ್ಟು ದಿನ ತೋರಿಸಿದ ಉತ್ಸಾಹ ನನ್ನ ಚೀಲದ ಜೊತೆಗೇ ಬಸ್ಸು ಹತ್ತಿತೋ? ತಮಾಷೆಗೆ ಬರೆದೆ, ಅವರಿಗೆ ಓದಿ ಹೇಳಬೇಡ. ಅಲ್ಲಿಂದ ಬಂದು ಹದಿನೆಂಟು ದಿನವಾಯಿತು. ಮಗುವಿನ ತಲೆಯ ವಾಸನೆ ಇನ್ನೂ ನನ್ನ ಶಾಲಿನಲ್ಲಿದೆ. ಅದನ್ನು ಒಗೆಯಲು ಹಾಕಿಲ್ಲ.

ಇಲ್ಲಿ ನಾನು ಗಟ್ಟಿಯಾಗಿದ್ದೇನೆ, ಆದರೆ ಸಾಕಾಗಿ ಹೋಗಿದೆ. ಹೊಲಿಗೆ ಕೆಲಸ ರಾಶಿ ಬಿದ್ದಿದೆ. ಎಂಟು ಪ್ಯಾಂಟಿನ ಕಾಲು ಮಡಿಸಬೇಕು, ನಾಲ್ಕಕ್ಕೆ ಜಿಪ್ ಹಾಕಬೇಕು, ಎದುರು ಮನೆಯ ಟೀಚರಮ್ಮನ ರವಿಕೆ ಹೋದ ವಾರವೇ ಕೊಡಬೇಕಿತ್ತು. ಒಂದೂ ಮುಟ್ಟಿಲ್ಲ. ಇಡೀ ವಾರ ಗ್ಯಾರೇಜಿನ ಮುಂದೆ ಹಳೇ ಟೈರಿನ ಮೇಲೆ ಕೂತು ಕಳೆದೆ. ಇಪ್ಪತ್ತನೇ ತಾರೀಖು ನಿನ್ನನ್ನೂ ಮಗುವನ್ನೂ ಕರೆತರಲು ಖುದ್ದಾಗಿ ಗಾಡಿ ತೆಗೆದುಕೊಂಡು ಬರುವುದಾಗಿ ನಿಮ್ಮಪ್ಪ ಹೇಳಿದ್ದಾರಲ್ಲ, ಆ ಗಾಡಿಯ ವಿಷಯವೇ ಇದು. ಫೋನಿನಲ್ಲಿ ಹೇಳೋಣವೆಂದರೆ ನಾನು ನಿನ್ನ ನಂಬರು ಒತ್ತುವಷ್ಟರಲ್ಲಿ ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಹಾಜರು. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಎರಡು ಸಾಲು ಓದಿ ಕೊನೆಗೆ ಹಾರಬೇಡ.

ಹೋದ ಸೋಮವಾರ ತೊಟ್ಟಿಲು ತರಲು ಗುಡ್ಡದಾಚೆ ನಿನ್ನ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಹೋಗುವಾಗ ಏನೂ ತೊಂದರೆಯಿರಲಿಲ್ಲ. ಬರುವಾಗ ತೊಟ್ಟಿಲನ್ನು ಗಾಡಿಯ ತಲೆಯ ಮೇಲೆ ಕಟ್ಟಿಕೊಂಡು ಏರು ಹತ್ತುತ್ತಿದ್ದೆವು. ಏನೋ ಸಿಹಿ ಸಿಹಿ ವಾಸನೆ, ಬೆಲ್ಲ ಸೀದ ಹಾಗೆ. ನಾನು ಮೂಗು ಅರಳಿಸಿದ್ದು ನೋಡಿ ನಿಮ್ಮಪ್ಪ "ಮುಳ್ಳು ಎಲ್ಲಿದೆ ನೋಡೇ" ಅಂದರು. ನಾನು ನೋಡಿ "ಅರ್ಧಕ್ಕಿದೆ" ಅಂದೆ. "ಸರಿ ಹಾಗಾದ್ರೆ" ಅಂತ ಇನ್ನೂ ಒತ್ತಿದರು. ಮುಂದಿನ ತಿರುವಿನಲ್ಲಿ ಎಂಜಿನ್ನಿನ ಮುಚ್ಚಳದ ಸಂದುಗಳಿಂದ ಬುಸ್ ಅಂತ ಹಬೆ ಎದ್ದು ಗಾಜಿನ ಮುಂದೆ ಏನೂ ಕಾಣದಂತಾಯಿತು. ಬದಿಗೆ ನಿಲ್ಲಿಸಿದೆವು. ಬಿಸಿಯಲ್ಲಿ ರೇಡಿಯೇಟರಿನ ಮುಚ್ಚಳ ತೆಗೆಯಬಾರದು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಒಂದು ಗೀರೂ ಬೀಳಿಸದೆ ನಿವೃತ್ತರಾದ ಮನುಷ್ಯ. ಒಂದು ಗಂಟೆ ಕಾದು, ನೀರು ತುಂಬಿಸಿ ಹೊರಟರೆ ಎರಡು ಮೈಲಿಗೆ ಮತ್ತೆ ಅದೇ ಕಥೆ. ಕೊನೆಗೆ ತರಕಾರಿ ಲಾರಿಯವನೊಬ್ಬ ಹಗ್ಗ ಕಟ್ಟಿ ಎಳೆದುಕೊಂಡು ಬಂದ. ಖಾಲಿ ತೊಟ್ಟಿಲು ತಲೆಯ ಮೇಲೆ, ಮುಂದೆ ಲಾರಿ ತುಂಬ ಎಲೆಕೋಸು. ಮೆರವಣಿಗೆ ನೋಡಿ ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಬಂದರು. ನನಗೆ ನಾಚಿಕೆಯಿಂದ ನೆಲದೊಳಗೆ ಇಳಿದುಹೋಗುವ ಹಾಗಾಯಿತು.

ಎಡಗೈ ಮೇಸ್ತ್ರಿ ನಿನಗೆ ನೆನಪಿದ್ದಾನೆಯೇ? ನಿಮ್ಮಪ್ಪನ ಡಿಪೋದಲ್ಲಿ ಬಸ್ಸು ರಿಪೇರಿ ಮಾಡುತ್ತಿದ್ದವನು, ಈಗ ನಮ್ಮ ಬೀದಿ ತುದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದಾನೆ. ಮಂಗಳವಾರ ಬೆಳಿಗ್ಗೆ ಅವನು ನನ್ನ ಸವತಿಯ ಮುಚ್ಚಳ ಎತ್ತಿದ. ನಿಮ್ಮಪ್ಪ ಆ ಗಾಡಿಯನ್ನು ಒರೆಸುವ ಚಂದ ನೋಡಿ ನಾನು ಅದಕ್ಕೆ ಇಟ್ಟಿರುವ ಹೆಸರು ನಿನಗೆ ಗೊತ್ತೇ ಇದೆ. ಅವನು ಯಾರ ಮಾತನ್ನೂ ನಂಬುವವನಲ್ಲ, ಎಲ್ಲವನ್ನೂ ಮುಟ್ಟಿ ನೋಡಬೇಕು. ಬೆಲ್ಟು ಎಳೆದು ನೋಡಿದ, ಫ್ಯಾನು ತಿರುಗಿಸಿ ನೋಡಿದ, ಅವೆರಡೂ ಸರಿಯಾಗಿದ್ದವು. ರೇಡಿಯೇಟರಿನ ಮುಚ್ಚಳದ ರಬ್ಬರು ಒಣಗಿ ಬಿರಿದಿತ್ತು, ಕೆಳಗಿನ ಕೊಳವೆ ಕೊಳೆತ ಸೌತೆಕಾಯಿಯಷ್ಟು ಮೆತ್ತಗಾಗಿತ್ತು. ಎರಡನ್ನೂ ಬದಲಿಸಿ ಗಾಡಿ ಚಾಲೂ ಮಾಡಿದ. ಕಾಲು ಗಂಟೆಯಲ್ಲಿ ಮತ್ತೆ ಕಾಯಿತು. ಆಗ ಮೇಲಿನ ಕೊಳವೆಗೊಂದು, ಕೆಳಗಿನ ಕೊಳವೆಗೊಂದು ಕೈಯಿಟ್ಟು "ಅಣ್ಣಾ, ಮೇಲೆ ಬೆಂಕಿ, ಕೆಳಗೆ ತಣ್ಣಗೆ. ನೀರು ಓಡಾಡ್ತಾನೇ ಇಲ್ಲ" ಅಂದ.

ನೀರು ಕಾದಾಗ ತಾನಾಗಿ ತೆರೆದುಕೊಂಡು ದಾರಿ ಬಿಡುವ ಪುಟ್ಟ ಬಾಗಿಲೊಂದು ಇರುತ್ತದಂತೆ, ಥರ್ಮೋಸ್ಟಾಟ್ ಎನ್ನುತ್ತಾರೆ. ಅದನ್ನು ಬಿಚ್ಚಿ ತೆಗೆದು ತನ್ನ ಚಹಾ ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಇಳಿಬಿಟ್ಟ. ನಾವು ಮೂವರೂ ಪಾತ್ರೆಯ ಸುತ್ತ ಬಗ್ಗಿ ನಿಂತೆವು. ನೀರು ಕೊತಕೊತ ಕುದಿಯಿತು, ಬಾಗಿಲು ಮಿಸುಕಲಿಲ್ಲ. ನಿಮ್ಮಪ್ಪ "ಅದನ್ನ ಬಿಸಾಕು, ಇಲ್ದೇನೇ ಓಡ್ಸೋಣ, ಬಸ್ಸಲ್ಲಿ ಎಷ್ಟು ಸಲ ಹಾಗೆ ಮಾಡಿಲ್ಲ" ಅಂದರು. ಮೇಸ್ತ್ರಿ "ಅದೇ ಅಣ್ಣಾ ನಾವು ಮಾಡ್ತಿದ್ದ ತಪ್ಪು" ಅಂದು ಹೊಸದನ್ನೇ ಹಾಕಿದ. ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಎದ್ದು ಸೀರೆ ಕೊಡವಿಕೊಂಡೆ. ಮುಗಿದಿರಲಿಲ್ಲ. ಎಂಜಿನ್ನು ಚಾಲೂ ಮಾಡಿದಾಗ ರೇಡಿಯೇಟರಿನ ಬಾಯಲ್ಲಿ ಗುಳುಗುಳು ಗುಳ್ಳೆ, ಹಿಂದಿನ ಕೊಳವೆಯಲ್ಲಿ ಬಿಳಿ ಹೊಗೆ. ಮೇಸ್ತ್ರಿ ಗಾಡಿ ಆರಿಸಿ, ಕೈ ಒರೆಸಿಕೊಂಡು, ಒಳಗೇನಾಗಿದೆ ಎಂದು ವಿವರಿಸಿದ. ಎಂಜಿನ್ನಿನ ಮೇಲಿನ ಕಬ್ಬಿಣಕ್ಕೂ ಕೆಳಗಿನ ಕಬ್ಬಿಣಕ್ಕೂ ನಡುವೆ ಒಂದು ತೆಳು ಹಾಳೆ ಇರುತ್ತದೆ, ನಾನು ಕಾಲರಿನೊಳಗೆ ಇಡುವ ಕ್ಯಾನ್ವಾಸಿನ ಹಾಗೆ. ಬೆಂಕಿಯನ್ನು ಬೆಂಕಿಯ ಜಾಗದಲ್ಲಿ, ನೀರನ್ನು ನೀರಿನ ಜಾಗದಲ್ಲಿ ಇಡುವುದು ಅದೇ. ಅದು ಸುಟ್ಟುಹೋಗಿತ್ತು.

ಬುಧವಾರ ಎಂಜಿನ್ನಿನ ತಲೆಯನ್ನೇ ಬಿಚ್ಚಿ ಬೆಂಚಿನ ಮೇಲಿಟ್ಟ. ಅದರ ಮೇಲೆ ಉಕ್ಕಿನ ಅಳತೆಪಟ್ಟಿ ನಿಲ್ಲಿಸಿ, ಹಿಂದಿನಿಂದ ಟಾರ್ಚು ಬಿಟ್ಟು ನನ್ನನ್ನು ಕರೆದು ತೋರಿಸಿದ. ಪಟ್ಟಿಯ ಅಡಿಯಲ್ಲಿ ನಡುವೆ ಕೂದಲೆಳೆಯಷ್ಟು ಬೆಳಕು. ಕಬ್ಬಿಣ ಬಾಗಿತ್ತು. ಲೇತಿನವನ ಹತ್ತಿರ ಒಯ್ದು ತಟ್ಟೆಯಂತೆ ಸಪಾಟು ಮಾಡಿಸಬೇಕು ಅಂದ. ಆಮೇಲೆ ಸುಟ್ಟ ಹಾಳೆಯನ್ನು ಬೆಳಕಿಗೆ ಹಿಡಿದು, "ಅಣ್ಣಾ, ಇದು ಸೋಮವಾರ ಒಂದೇ ದಿನ ಸುಟ್ಟಿದ್ದಲ್ಲ. ಎರಡು ತಿಂಗಳಿಂದ ಸ್ವಲ್ಪ ಸ್ವಲ್ಪಾನೇ ಸುಡ್ತಾ ಬಂದಿದೆ. ಮುಳ್ಳು ಮೇಲಕ್ಕೆ ಹೋಗ್ತಾ ಇರಲಿಲ್ವಾ?" ಎಂದು ಕೇಳಿದ. ನಿಮ್ಮಪ್ಪ ಧೈರ್ಯವಾಗಿ "ಇಲ್ಲಪ್ಪಾ, ಒಂದು ದಿನಾನೂ ಅರ್ಧ ದಾಟಿಲ್ಲ. ಬೇಕಾದ್ರೆ ಇವಳನ್ನ ಕೇಳು" ಅಂದರು. ನಾನೂ ಹೌದೆಂದು ಸಾಕ್ಷಿ ಹೇಳಿದೆ. "ಹಾಗಾದ್ರೆ ಮೀಟರೇ ಕೆಟ್ಟಿರಬೇಕು, ನೋಡೇ ಬಿಡೋಣ" ಅಂತ ಮೇಸ್ತ್ರಿ ನನ್ನನ್ನು ಒಳಗೆ ಕೂರಿಸಿ, ಕೀಲಿ ತಿರುಗಿಸಿ, ತಾನು ಮುಂದೆ ಹೋಗಿ ಮೀಟರಿಗೆ ಹೋಗುವ ತಂತಿಯೊಂದನ್ನು ಬಿಡಿಸಿ ಗಾಡಿಯ ಮೈಗೆ ಮುಟ್ಟಿಸಿದ. ಮುಟ್ಟಿಸಿದರೆ ಮುಳ್ಳು ಎಗರಬೇಕು, ಎಗರದಿದ್ದರೆ ಮೀಟರು ಸತ್ತಿದೆ ಎಂದು ಲೆಕ್ಕ. "ಎಗರಿತಾ ಅಮ್ಮಾ?" ಎಂದು ಕೂಗಿದ. "ಇಲ್ಲಪ್ಪಾ, ಅರ್ಧಕ್ಕೇ ನಿಂತಿದೆ" ಅಂದೆ. ಇನ್ನೊಮ್ಮೆ ಮುಟ್ಟಿಸಿದ. ಇಲ್ಲ. ನಿಮ್ಮಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. "ನಾನು ಹೇಳಲಿಲ್ವಾ, ಮೀಟರು ಮೋಸ ಮಾಡಿದೆ!" ಎಂದು ಶೆಡ್ಡಿನ ತುಂಬ ಓಡಾಡಿದರು.

ಯಾರನ್ನೂ ನಂಬದ ಆ ಮೇಸ್ತ್ರಿ ಇದನ್ನೂ ನಂಬಲಿಲ್ಲ. ನನ್ನನ್ನು ಇಳಿಸಿ ತಂತಿ ನನ್ನ ಕೈಗೆ ಕೊಟ್ಟು, ತಾನೇ ಹೋಗಿ ಒಳಗೆ ಕೂತ. "ಮುಟ್ಸಿ ಅಮ್ಮಾ" ಅಂದ, ಮುಟ್ಟಿಸಿದೆ. "ಬಿಡಿ" ಅಂದ, ಬಿಟ್ಟೆ. "ಮುಟ್ಸಿ" ಅಂದ. ಆಮೇಲೆ ಒಳಗಿನಿಂದ ದೊಡ್ಡ ನಗು. "ಅಯ್ಯೋ, ಕುಣೀತಾ ಇದೆಯಲ್ಲಮ್ಮಾ ಇದು! ನೀವು ಯಾವ ಮುಳ್ಳು ನೋಡ್ತಾ ಇದ್ರಿ?" ನಾನು ಹೋಗಿ ಬೆರಳಿಟ್ಟು ತೋರಿಸಿದೆ. ವೇಗದ ಗಡಿಯಾರದ ಈ ಕಡೆಗೊಂದು ಆ ಕಡೆಗೊಂದು, ಅಕ್ಕತಂಗಿಯರಂತೆ ಒಂದೇ ಅಳತೆಯ ಎರಡು ಪುಟ್ಟ ಗಡಿಯಾರ ಇವೆ, ಆ ಕಡೆಯದು ಎಂಜಿನ್ನಿನ ಬಿಸಿ ತೋರಿಸುವುದಂತೆ. ನಾನು ಎರಡು ತಿಂಗಳಿಂದ ನೋಡಿ ನೋಡಿ ಹೇಳುತ್ತಿದ್ದದ್ದು ನನ್ನ ಕಡೆಗಿರುವ ಗಡಿಯಾರದ ಮುಳ್ಳು. ಅದು ಪೆಟ್ರೋಲಿನದು.

ನಾನೇನು ಮಾಡಲಿ ಹೇಳು. ನಮ್ಮ ಮನೆಯಲ್ಲಿ ಮುಳ್ಳು ಎಂದರೆ ಅಂದಿನಿಂದ ಇಂದಿನವರೆಗೆ ಪೆಟ್ರೋಲಿನ ಮುಳ್ಳೇ. ನೀನು ಚಿಕ್ಕವಳಿದ್ದಾಗ ಊರಿಗೆ ಹೊರಟರೆ ದಾರಿಯುದ್ದಕ್ಕೂ "ಅಪ್ಪಾ, ಮುಳ್ಳು ಎಲ್ಲಿದೆ, ಮನೆ ಮುಟ್ತೀವಾ" ಎಂದು ಕೇಳಿ ಪ್ರಾಣ ತಿನ್ನುತ್ತಿದ್ದವಳು ನೀನೇ. ನಿಮ್ಮಪ್ಪ ನನ್ನನ್ನು ಕೇಳಲು ಶುರು ಮಾಡಿದಾಗಲೂ ಅದನ್ನೇ ಕೇಳುತ್ತಿದ್ದಾರೆ ಎಂದುಕೊಂಡೆ. ಹೊರಡುವ ಮುಂಚೆ ಅವರೇ ತುಂಬಿಸುತ್ತಾರೆ, ಮತ್ತೆ ಅರ್ಧಕ್ಕಿಲ್ಲದೆ ಎಲ್ಲಿ ಹೋಗುತ್ತದೆ? ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ, ನಿಮ್ಮಪ್ಪನೂ ನಕ್ಕರು. ನಗುತ್ತಲೇ ಮೇಸ್ತ್ರಿ, ಏನೂ ಕೆಟ್ಟ ಮನಸ್ಸಿಲ್ಲದೆ, "ಅಲ್ಲಾ ಅಣ್ಣಾ, ಸ್ಟೇರಿಂಗ್ ಹಿಡಿದವರು ನೀವು. ಮುಳ್ಳು ನಿಮ್ಮ ಮೂಗಿನ ಮುಂದೇನೇ ಇದೆ. ಅಮ್ಮನ್ನ ಯಾಕೆ ಕೇಳಿದ್ರಿ?" ಅಂದ.

ನಿಮ್ಮಪ್ಪ ತಲೆ ತಗ್ಗಿಸಿ, ಬೆಂಚಿನ ಮೇಲಿದ್ದ ಒಂದು ಬೋಲ್ಟು ಎತ್ತಿಕೊಂಡು ತಿರುಗಿಸುತ್ತ ನಿಂತರು. ಮೇಸ್ತ್ರಿಗೆ ಅರ್ಥವಾಯಿತು. ಸಾಬೂನು ಹುಡುಕುವ ನೆಪದಲ್ಲಿ ಶೆಡ್ಡಿನ ಹಿಂದಕ್ಕೆ ಹೋದ. ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು, ಅಥವಾ ಅರ್ಥ ಮಾಡಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಮನೆಗೆ ನಡೆದು ಬರುವಾಗ ದಾರಿಯಲ್ಲಿ ಒಂದೊಂದೇ ನೆನಪಾಗತೊಡಗಿತು. ಸಂಜೆ ನನ್ನ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವರು ಅವರೇ, ಈಚೆಗೆ "ನಿನ್ನ ಕೆಲಸ ನೀನು ಮಾಡ್ಕೋ" ಎಂದು ಸಿಡುಕುತ್ತಿದ್ದರು. ನಾನು ಮುನಿಸಿಕೊಂಡಿದ್ದೆ. ಗಾಡಿಯ ಗಾಜನ್ನು ದಿನಕ್ಕೆ ಮೂರು ಸಲ ಒರೆಸುತ್ತಿದ್ದರು, ಸವತಿಯ ಮೇಲಿನ ಮೋಹ ಅಂತ ನಾನು ಛೇಡಿಸುತ್ತಿದ್ದೆ. ಜೊತೆಗಿದ್ದೂ ನನಗೇ ಗೊತ್ತಾಗಲಿಲ್ಲವಲ್ಲ ಮಗಳೇ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೇಳಿದೆ. ಮೊದಲು ರೇಗಿದರು, ಊಟ ಬೇಡ ಅಂದರು. ಆಮೇಲೆ ತಾವಾಗಿಯೇ ಹೇಳಿದರು. ಆರು ತಿಂಗಳಿಂದ ಮಂಜು ಕವಿದ ಹಾಗಂತೆ, ಗಾಜು ಎಷ್ಟು ಒರೆಸಿದರೂ ಹೋಗುವುದಿಲ್ಲವಂತೆ. ಎಡಗಣ್ಣಿನಲ್ಲಿ ಹೆಚ್ಚು. ಮುಳ್ಳಿನಂಥ ಸಣ್ಣ ವಸ್ತು ಕಾಣುವುದೇ ಇಲ್ಲವಂತೆ, ಎದುರಿನ ಗಾಡಿಯ ದೀಪ ಹೊತ್ತಿದರೆ ಹೂವಿನ ಹಾಗೆ ಅರಳಿಬಿಡುತ್ತದಂತೆ. ನಾನು ಹೇಳಿದೆ, ಇದು ಪೊರೆ ಇರಬೇಕು, ಈಗ ಅದಕ್ಕೆಲ್ಲ ಅರ್ಧ ಗಂಟೆಯ ಆಪರೇಷನ್ನು, ನಾಳೆಯೇ ಹೋಗೋಣ ಎಂದು. ಅದಕ್ಕೆ ಅವರು ಅಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಹೋಗೋಣ. ಆದ್ರೆ ಇಪ್ಪತ್ತನೇ ತಾರೀಖು ಆದ್ಮೇಲೆ. ಈಗ ಹೋದ್ರೆ ಡಾಕ್ಟ್ರು ಗಾಡಿ ಮುಟ್ಬೇಡಿ ಅಂತಾರೆ. ಮೂವತ್ತೊಂದು ವರ್ಷ ಊರೋರ ಮಕ್ಕಳನ್ನೆಲ್ಲ ಮನೆ ಮುಟ್ಸಿದೀನಿ. ನನ್ನ ಮೊಮ್ಮಗಳನ್ನ ಒಂದು ಸಲ ನಾನೇ ಕರ್ಕೊಂಡು ಬರ್ತೀನಿ. ಆ ರಸ್ತೆ ನನಗೆ ಬಾಯಿಪಾಠ." ಎದುರಿಗೆ ಬರೋ ಲಾರಿ ಬಾಯಿಪಾಠ ಇಲ್ವಲ್ಲ ಅಂದೆ. ಮುಖ ತಿರುಗಿಸಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಅವಳಿಗೆ ಗಾಡಿ ವಿಷಯ ಬರೀ, ಕಣ್ಣಿನ ವಿಷಯ ಬೇಡ ಕಣೇ" ಅಂದರು. ಆ ಮನುಷ್ಯ ನನ್ನನ್ನು ಏನನ್ನಾದರೂ ಬೇಡಿಕೊಂಡದ್ದು ಇಷ್ಟು ವರ್ಷದಲ್ಲಿ ನನಗೆ ನೆನಪಿಲ್ಲ. ಹೂಂ ಅಂದುಬಿಟ್ಟೆ. ಹೂಂ ಅಂದದ್ದನ್ನು ಈಗ ಮುರಿಯುತ್ತಿದ್ದೇನೆ, ಅದು ನನಗೆ ಹಗುರವಾಗಿಲ್ಲ.

ಗಾಡಿಯ ಮಟ್ಟಿಗೆ ಎಲ್ಲ ಸುಸೂತ್ರ. ಲೇತಿನಿಂದ ಬಂದ ತಲೆಯನ್ನು ಹೊಸ ಹಾಳೆ ಹಾಕಿ ಶುಕ್ರವಾರ ಕೂರಿಸಿದ. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಅಂಚಿಗೆ, ಒಂದೇ ಸಲಕ್ಕೆ ಬಿಗಿಯದೆ ಮೂರು ಸುತ್ತಿನಲ್ಲಿ ಬಿಗಿದ. ಅವಸರ ಮಾಡಿದರೆ ಮತ್ತೆ ಸೋರುತ್ತದಂತೆ. ನಿನ್ನೆ ಬೆಳಿಗ್ಗೆ ಮೇಸ್ತ್ರಿಯೇ ಓಡಿಸಿಕೊಂಡು ಆ ಏರು ಹತ್ತಿ ಇಳಿದು ಬಂದ. ನಾನು ಹಿಂದೆ ಕೂತು ಈ ಸಲ ಸರಿಯಾದ ಮುಳ್ಳನ್ನು ಕಣ್ಣು ಮಿಟುಕಿಸದೆ ನೋಡಿದೆ, ಅರ್ಧದ ಕೆಳಗೇ ನಿಂತಿತ್ತು. ನಿಮ್ಮಪ್ಪ ಪಕ್ಕದಲ್ಲಿ ಕೂತು ಕೈ ಕಟ್ಟಿಕೊಂಡು ಎಂಜಿನ್ನಿನ ಸದ್ದು ಕೇಳುತ್ತಿದ್ದರು. ಕಿವಿ ಮಾತ್ರ ಇನ್ನೂ ಹಾವಿನ ಕಿವಿ. "ಮೂರನೇ ಗೇರಲ್ಲಿ ಏನೋ ಕಿರಿಕಿರಿ" ಅಂದರು, ಇಳಿದು ನೋಡಿದರೆ ನಿಜವಾಗಿಯೂ ಒಂದು ತಗಡು ಸಡಿಲವಾಗಿತ್ತು. ಇವತ್ತು ಬೆಳಗಿನಿಂದ ಹಿಂದಿನ ಸೀಟಿಗೆ ನನ್ನ ಹಳೇ ಸೀರೆ ಮಡಿಸಿ ಮೆತ್ತೆ ಹಾಕುತ್ತಿದ್ದಾರೆ, ಮಗುವಿನ ತಲೆಗೆ ಬಿಸಿಲು ತಾಗಬಾರದು ಎಂದು ಕಿಟಕಿಗೆ ಪರದೆ ಹೊಲಿದು ಕೊಡು ಅಂದಿದ್ದಾರೆ. ಹೊಲಿದೂ ಕೊಟ್ಟೆ. ಹೊಲಿಯುತ್ತ ಅತ್ತೆ. ಗಾಡಿಯ ಕೀಲಿಯನ್ನು ಒಂದು ಸಲ ಗುಂಡಿಗಳ ಡಬ್ಬಿಯಲ್ಲಿ ಅಡಗಿಸಿಟ್ಟೆ, ಹತ್ತು ನಿಮಿಷಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಗಿ ಮೊಳೆಗೆ ನೇತುಹಾಕಿ ಬಂದೆ.

ನನಗೆ ಬೇಡ ಅನ್ನಲು ಬಾಯಿ ಬರುತ್ತಿಲ್ಲ, ಹೂಂ ಅನ್ನಲು ಎದೆ ಒಪ್ಪುತ್ತಿಲ್ಲ. ಒಂದು ಗಳಿಗೆ, ಎಷ್ಟಾದರೂ ಅವರು ಅವರೇ, ನಿಧಾನವಾಗಿ ಹೋಗಿ ಬರುತ್ತಾರೆ, ನಾನು ಪಕ್ಕದಲ್ಲಿ ಕೂತು ದಾರಿ ಹೇಳಿದರಾಯಿತು ಎನಿಸುತ್ತದೆ. ನಾನು ಹೇಳಿದ ಚಂದ ಈಗಾಗಲೇ ನೋಡಿದ್ದೇವೆ. ನೀನು ಯೋಚಿಸು. ಅವರ ಮನಸ್ಸಿಗೆ ನೋವಾಗದ ಯಾವುದಾದರೂ ದಾರಿ ನಿನಗೆ ಹೊಳೆದರೆ ಬರೆ, ನನಗಂತೂ ತಲೆ ಓಡುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ತಲೆಗೆ ಸ್ನಾನ ಮಾಡಿದ ಮೇಲೆ ಒದ್ದೆಯಲ್ಲೇ ಮಲಗಬೇಡ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ. ನನ್ನ ಪುಟ್ಟ ಬಿಕ್ಕಳಿಕೆ ರಾಣಿಯ ಎರಡೂ ಅಂಗಾಲಿಗೆ ಅಜ್ಜಿಯ ಮುತ್ತು. ಅವಳ ಆಯಸ್ಸು ಗಟ್ಟಿಯಾಗಿರಲಿ, ನಿನ್ನ ಮೈ ಗಟ್ಟಿಯಾಗಿರಲಿ.

ಇಂತು ನಿನ್ನ
ಅಮ್ಮ

ಮರೆತ ಮಾತು: ಸಹಿ ಹಾಕುವಷ್ಟರಲ್ಲಿ ನಿಮ್ಮಪ್ಪ ಬೆನ್ನ ಹಿಂದೆ ಬಂದು ನಿಂತು "ಕೊಡು, ಒಂದು ಸಲ ನೋಡ್ತೀನಿ" ಅಂದರು. ಬೇಡ ಅನ್ನಲಾರದೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಕೂತು ಒಂದೊಂದು ಹಾಳೆಯನ್ನೂ, ಓದಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಹಿಡಿದುಕೊಂಡು ತಿರುವಿದರು. ಒಂದು ಕಡೆ ನಕ್ಕರು. ಬೋಲ್ಟು ತಿರುಗಿಸುತ್ತ ತಲೆ ತಗ್ಗಿಸಿ ನಿಂತದ್ದನ್ನು ನಾನು ಬರೆದಿರುವ ಹಾಳೆ ಅದು. "ಗಾಡಿ ವಿಷಯ ಚೆನ್ನಾಗಿ ಬರ್ದಿದೀಯ" ಅಂದರು. ಆಮೇಲೆ ಪೆನ್ನು ಕೇಳಿ ಕೊನೆಯಲ್ಲಿ ತಾವೂ ಒಂದು ಸಾಲು ಸೇರಿಸಿದರು. ನನ್ನ ಸಹಿಯ ಮೇಲೂ, ಮಗುವಿಗೆ ಬರೆದ ಸಾಲುಗಳ ಮೇಲೂ ಅಡ್ಡಡ್ಡ ಬಿದ್ದಿರುವ ಆ ದೊಡ್ಡ ಅಕ್ಷರಗಳು ಅವರವು. ಅಲ್ಲಿ ಆಗಲೇ ಬರೆದಿರುವುದು ಅವರಿಗೆ ಕಾಣಲಿಲ್ಲ. ನಿನಗೆ ಓದಲಾಗದಿದ್ದರೆ ನಾನೇ ಹೇಳುತ್ತೇನೆ: "ಇಪ್ಪತ್ತನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಸಿದ್ಧವಾಗಿರು, ಅಪ್ಪ ಬರುತ್ತೇನೆ" ಎಂದಿದೆ. ಸಿದ್ಧವಾಗಿರಬೇಡ. ನನ್ನ ಉತ್ತರಕ್ಕೂ ಕಾಯಬೇಡ. ಅಳಿಯಂದಿರ ಜೊತೆ ಬೇರೆ ಗಾಡಿಯಲ್ಲಿ ಹತ್ತೊಂಬತ್ತಕ್ಕೇ ಹೊರಟು ಬಂದುಬಿಡು. ಬಂದವಳೇ ಮಗುವನ್ನು ಮೊದಲು ಅವರ ಕೈಗೆ ಕೊಡು, ಹತ್ತಿರದಿಂದ ನೋಡಲಿ.